ಒಂದು ಚಿಟಿಕೆ ಚಿರತೆ ಕೂದಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಟ್ಟದ ಮೇಲೆ ಒಂದು ಚಿರತೆ ಇತ್ತು. ಹೆದರಬೇಡಿ, ಬರೀ ಚರ್ಮ. ಅದನ್ನು ಚಾಪೆಯ ಹಾಗೆ ಸುರುಳಿ ಸುತ್ತಿ, ಒಳಗೆ ಬೇವಿನ ಸೊಪ್ಪು, ಹೊಗೆಸೊಪ್ಪಿನ ಕಡ್ಡಿ ಇಟ್ಟು, ಅಪ್ಪನ ಹಳೆಯ ಪಂಚೆಯಲ್ಲಿ ಕಟ್ಟಿ ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಪೆಟ್ಟಿಗೆ ತೆರೆದರೆ ಮೊದಲು ಬೇವಿನ ಕಹಿ ವಾಸನೆ ಬರುತ್ತಿತ್ತು, ಹಿಂದೆಯೇ ಹೊಗೆಸೊಪ್ಪಿನ ಘಾಟು. ಅದೆಲ್ಲ ಸರಿದ ಮೇಲೆ ಒದ್ದೆ ಕಂಬಳಿಯಂಥ ಒಂದು ವಾಸನೆ ಮೆಲ್ಲಗೆ ಏಳುತ್ತಿತ್ತು. ಅದು ಚಿರತೆಯದು.

ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು. ಊರಿನ ಹಿಂದೆಯೇ ನಮ್ಮದೊಂದು ಪುಟ್ಟ ಗುಡ್ಡ. ಗುಡ್ಡವೆಂದರೆ ಮಣ್ಣಿಗಿಂತ ಬಂಡೆಯೇ ಹೆಚ್ಚು. ಒಂದರ ಮೇಲೊಂದು ಕೂತ ಆ ಬಂಡೆಗಳನ್ನು ನೋಡಿದರೆ ಈಗ ಉರುಳುತ್ತವೋ ಆಗ ಉರುಳುತ್ತವೋ ಅನ್ನಿಸುತ್ತಿತ್ತು. ಇವತ್ತಿಗೂ ತಾನಾಗಿ ಒಂದೂ ಉರುಳಿಲ್ಲ, ಅದು ಬೇರೆ ಮಾತು.

ಆ ಚರ್ಮದ ಬಣ್ಣ ಹೇಗಿತ್ತೆಂದು ಹೇಳಲಿ? ಬೆನ್ನಿನ ಮೇಲೆ ಹದವಾಗಿ ಹುರಿದ ಕಡಲೆಯ ಬಣ್ಣ. ಹೊಟ್ಟೆಯ ಕಡೆಗೆ ಬರುತ್ತ ಬೆಳ್ಳಗಾಗುತ್ತಿತ್ತು. ಕಪ್ಪು ಚುಕ್ಕೆಯೆಂದರೆ ಹಣೆಗಿಡುವ ಬೊಟ್ಟಿನಂತೆ ಅಲ್ಲ. ಐದೂ ಬೆರಳ ತುದಿಯನ್ನು ಮಸಿಯಲ್ಲಿ ಅದ್ದಿ ಒಟ್ಟಿಗೇ ಒತ್ತಿದಂತೆ, ನಡುವೆ ಸ್ವಲ್ಪ ಜಾಗ ಬಿಟ್ಟು ಸುತ್ತಲೂ ಮೂಡಿದ್ದ ಚುಕ್ಕೆಗಳು. ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ತಾನಾಗಿ ಜಾರುತ್ತಿತ್ತು. ಬಾಲದಿಂದ ತಲೆಯ ಕಡೆಗೆ ಸವರಿದರೆ ಚುಚ್ಚುತ್ತಿತ್ತು. ಮೇಲಿನ ಕೂದಲು ಒರಟು, ಅದರ ಬುಡದಲ್ಲಿ ಮೆತ್ತಗೆ ಇನ್ನೊಂದು ಕೂದಲು. ಅದರೊಳಗೆ ಬೆರಳು ಇಟ್ಟರೆ ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ. ಇದನ್ನೆಲ್ಲ ಇಷ್ಟು ಸರಿಯಾಗಿ ಹೇಗೆ ಹೇಳುತ್ತೇನೆ ಗೊತ್ತೇ? ಆ ಚರ್ಮವನ್ನು ಚಿಟಿಕೆ ಚಿಟಿಕೆಯಾಗಿ ಬೋಳು ಮಾಡಿದ ಕೈಗಳಲ್ಲಿ ನನ್ನವೂ ಎರಡು.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಕೂಸು ಬೆಚ್ಚಿಬಿದ್ದು ಹಾಲು ಬಿಟ್ಟರೆ, ನಿದ್ದೆಯಲ್ಲಿ ಕಿಟಾರನೆ ಕಿರುಚಿದರೆ, ಅದಕ್ಕೆ ದಿಗಿಲು ಹೊಕ್ಕಿದೆ ಎನ್ನುತ್ತಿದ್ದರು. ದಿಗಿಲಿಗೆ ಮದ್ದು ಚಿರತೆಯ ಕೂದಲು. ಒಂದು ಚಿಟಿಕೆ ಕೂದಲನ್ನು ಪುಟ್ಟ ತಾಮ್ರದ ಕೊಳವೆಯಲ್ಲಿ ತುಂಬಿ, ಬಾಯಿ ಮುಚ್ಚಿ, ಕಪ್ಪು ದಾರದಲ್ಲಿ ಕೊರಳಿಗೆ ಕಟ್ಟುತ್ತಿದ್ದರು. ಯಾವುದಕ್ಕೂ ಹೆದರದ ಪ್ರಾಣಿಯ ಕೂದಲು ಮೈಮೇಲಿದ್ದರೆ ಕೂಸೂ ಹೆದರುವುದಿಲ್ಲ ಎಂಬ ನಂಬಿಕೆ. ಸುತ್ತಲ ಊರುಗಳಲ್ಲಿ ಚಿರತೆಯ ಚರ್ಮ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಕಂಕುಳಲ್ಲಿ ಮಕ್ಕಳನ್ನು ಇಟ್ಟುಕೊಂಡ ಹೆಂಗಸರು ನಮ್ಮ ಜಗಲಿಗೆ ಬರುತ್ತಲೇ ಇದ್ದರು.

ಅದಕ್ಕೊಂದು ಕಟ್ಟುಪಾಡೂ ಇತ್ತು. ಕೂದಲಿಗೆ ಕಬ್ಬಿಣ ತಾಕಬಾರದು, ಕೈಯಿಂದಲೇ ಕೀಳಬೇಕು. ಕೀಳುವವಳು ಆ ಮನೆಯ ಇನ್ನೂ ದೊಡ್ಡವಳಾಗದ ಹುಡುಗಿಯೇ ಆಗಬೇಕು. ಮೊದಲು ಆ ಕೆಲಸ ಅಕ್ಕನದಾಗಿತ್ತು. ಅಕ್ಕ ಲಂಗದಾವಣಿ ಉಡಲು ಶುರು ಮಾಡಿದ ಮೇಲೆ ನನ್ನದಾಯಿತು. ನನಗೋ ಕೋಡು ಮೂಡಿದಷ್ಟು ಜಂಬ. ಶಾಲೆಯಲ್ಲಿ ಲೆಕ್ಕ ತಪ್ಪಿದರೂ ಮೇಷ್ಟರ ಮನೆಯ ಮಗುವಿಗೆ ಕೂದಲು ಕಿತ್ತುಕೊಡುವವಳು ನಾನು ತಾನೇ! ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಚುರುಕ್ಕೆಂದು ಎಳೆದರೆ ಕೂದಲು ಬುಡಸಮೇತ ಬರುತ್ತಿತ್ತು. ಆ ಸದ್ದು ನನಗೆ ಇಷ್ಟವಾಗಿತ್ತು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ, ಆಗ ಇಷ್ಟವಾಗಿತ್ತು.

ಅಪ್ಪ ಮಾತ್ರ ಪೆಟ್ಟಿಗೆ ಕೆಳಗಿಳಿಸಿ ಕೊಟ್ಟು, ನಾನು ಕೀಳುವಾಗ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಬಂದವರು ಕಾಯಿ, ಬೆಲ್ಲ ಏನು ತಂದರೂ ಮುಟ್ಟುತ್ತಿರಲಿಲ್ಲ. ಒಂದು ವೀಳ್ಯದೆಲೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳುತ್ತಿದ್ದರು. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ಯುಗಾದಿಗೆ ಮುಂಚಿನ ಒಂದು ದಿನ. ಬಿಸಿಲು ಆಗಲೇ ಕಾಯತೊಡಗಿತ್ತು. ಅಮ್ಮ ಮತ್ತು ಅಕ್ಕ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬೇರೆ ಮಾಡುತ್ತಿದ್ದರು. ಇಡೀ ಜಗಲಿಗೆ ಹುಳಿ ವಾಸನೆ. ಬೀದಿಯ ಹುಣಸೆಮರದ ಕೆಳಗೆ ಕಲಾಯಿ ತಾತ ಬಂದು ಕೂತಿದ್ದರು. ಮುಳಬಾಗಿಲಿನಿಂದ ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಬಂದು ಊರಿನ ತಾಮ್ರ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಡುವ ಸಾಹೇಬರು. ನೆಲದಲ್ಲಿ ಗುಂಡಿ ತೋಡಿ ಇದ್ದಿಲು ತುಂಬಿ, ತಿದಿ ಒತ್ತುತ್ತ ಪಾತ್ರೆ ಕಾಯಿಸುತ್ತಿದ್ದರು. ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಬುಸ್ಸೆಂದು ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಕಪ್ಪು ಪಾತ್ರೆಯ ಒಳಗೆ ಬೆಳದಿಂಗಳು ಹಚ್ಚಿದಂತೆ ಹೊಳಪು. ತಾಯತದ ಕೊಳವೆಗೆ ಕೂದಲು ತುಂಬಿ ತವರದ ಹನಿ ಬಿಟ್ಟು ಬಾಯಿ ಮುಚ್ಚುತ್ತಿದ್ದವರೂ ಅವರೇ. ಅವರು ಬಂದಿದ್ದಾರೆಂದು ತಿಳಿದೇ ಜನ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು.

ಆ ದಿನ ತಾಯಲೂರು ಕಡೆಯಿಂದ ಒಂದು ಎತ್ತಿನ ಗಾಡಿ ಬಂತು. ಎಳೆಯ ವಯಸ್ಸಿನ ತಾಯಿಯೊಬ್ಬಳು, ಅವಳ ಮಡಿಲಲ್ಲಿ ಒಂದು ಗಂಡು ಕೂಸು, ಜೊತೆಗೆ ಅವಳ ಅಣ್ಣ. ಆ ಅಣ್ಣನ ಮೀಸೆ ಎಷ್ಟು ದಪ್ಪವಿತ್ತೆಂದರೆ ನಾನು ಮನಸ್ಸಿನಲ್ಲೇ ಅವನಿಗೆ ಮೀಸೆ ಮಾವ ಎಂದು ಹೆಸರಿಟ್ಟುಬಿಟ್ಟೆ. ಕೂಸು ಅತ್ತು ಅತ್ತು ಗಂಟಲು ಕಟ್ಟಿ, ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು.

"ಮದ್ವೇಲಿ ಗರ್ನಾಲ್ ಪಟಾಕಿ ಹೊಡೆದ್ರು ಅಣ್ಣಯ್ಯ, ಅವತ್ತಿಂದ ನನ್ ಬಿಡ್ಡ ಹಿಂಗೇ," ಎಂದು ಆ ತಾಯಿ ಅಪ್ಪನ ಮುಂದೆ ಕೂತಳು. "ಎತ್ಕೊಂಡ್ರೂ ಅಳ್ತಾನೆ, ಮಲಗ್ಸಿದ್ರೂ ಅಳ್ತಾನೆ. ಹಾಲೇ ಹಿಡೀತಿಲ್ಲ. ಒಂದು ಚಿಟಿಕೆ ಕೊಡಿ, ನಿಮ್ಗೆ ಪುಣ್ಯ ಬರ್ತದೆ."

ಅಪ್ಪ ಪೆಟ್ಟಿಗೆ ಇಳಿಸಿದರು. ನಾನು ಕೈಕಾಲು ತೊಳೆದು ಗಂಭೀರವಾಗಿ ಬಂದು ಕೂತೆ. ಪಂಚೆಯ ಗಂಟು ಬಿಚ್ಚಿ ಸುರುಳಿ ಬಿಡಿಸಿದರೆ ಪುಡಿ ಪುಡಿ ಉದುರಿತು. ಬೆನ್ನು, ಪಕ್ಕೆ ಎಲ್ಲ ಮೊದಲೇ ಬೋಳಾಗಿತ್ತು. ಕಿವಿಯ ಹಿಂದೆ, ಬಾಲದ ತುದಿಯಲ್ಲಿ ಮಾತ್ರ ಕೂದಲು ಉಳಿದಿತ್ತು. ಈಗ ಅದಕ್ಕೂ ಹುಳು ಬಿದ್ದಿತ್ತು. ಮುಟ್ಟಿದ್ದೆಲ್ಲ ಬೂದಿಯಂತೆ ಉದುರಿ, ಕೈಗೆ ಹಳೆಯ ಚಪ್ಪಲಿಯಂಥ ಚರ್ಮ ಸಿಕ್ಕಿತು. ನಾನು ಗೋಡೆ ನೋಡುತ್ತಿದ್ದ ಅಪ್ಪನನ್ನು ಕರೆದೆ. ಅಪ್ಪ ತಿರುಗಿ ನೋಡಿದರು.

"ಮುಗೀತಮ್ಮ. ಇನ್ನೇನೂ ಉಳಿದಿಲ್ಲ," ಎಂದರು ಆ ತಾಯಿಗೆ. ಅವರ ದನಿಯಲ್ಲಿ ಬೇಸರ ಇರಬೇಕಿತ್ತು. ಆದರೆ ಅದು ದೊಡ್ಡ ಹೊರೆ ಇಳಿಸಿದವರ ದನಿಯಂತಿತ್ತು.

ಆ ತಾಯಿ ಅಳಲು ಶುರು ಮಾಡಿದಳು. ತಾಯಿ ಅತ್ತದ್ದಕ್ಕೆ ಕೂಸು ಇನ್ನಷ್ಟು ಅತ್ತಿತು. ಆಗ ಮೀಸೆ ಮಾವ ಮೀಸೆ ನೀವಿಕೊಂಡು ಎದ್ದು ನಿಂತ.

"ಇಷ್ಟಕ್ಕೆ ಯಾಕೆ ಅಳ್ತೀಯೇ? ದಾರೀಲಿ ಕುರಿ ಕಾಯೋರು ಹೇಳ್ಲಿಲ್ವಾ, ಈ ಬಂಡೆ ಮೇಲೆ ಒಂದು ಚಿರತೆ ಓಡಾಡ್ತೈತೆ ಅಂತ? ಕೆಳಗೆ ಬೋನು ಐತೆ. ಒಂದು ಮೇಕೆಮರಿ ತಂದು ಕಟ್ಟಿ ಸಾಯಂಕಾಲಕ್ಕೆ ಚಪ್ಪಡಿ ಎತ್ತಿದ್ರೆ, ಬೆಳಗ್ಗೆಗೆ ಹೊಸ ಚರ್ಮ. ಹತ್ತೂರ ಮಕ್ಕಳಿಗೆ ಆಗ್ತದೆ!"

ಬೋನೆಂದರೆ ನೀವು ಕಬ್ಬಿಣದ ಸಲಾಕೆಯದೆಂದು ತಿಳಿಯಬೇಡಿ. ಗುಡ್ಡದ ಬುಡದಲ್ಲಿ, ನಮ್ಮ ಹೊಲದ ಅಂಚಿನಲ್ಲಿ, ನಮ್ಮ ತಾತ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಉದ್ದನೆಯ ಗೂಡು ಅದು. ಒಂದು ತುದಿಯಲ್ಲಿ ಮೇಕೆಮರಿ, ಇನ್ನೊಂದು ತುದಿಯಲ್ಲಿ ಹಗ್ಗಕ್ಕೆ ತೂಗುಬಿಟ್ಟ ಚಪ್ಪಡಿಯೇ ಬಾಗಿಲು. ಚಿರತೆ ಒಳಗೆ ಹೋಗಿ ಮರಿಗೆ ಬಾಯಿ ಹಾಕಿದರೆ ಹಗ್ಗ ಜಾರಿ ಚಪ್ಪಡಿ ಧಡಾರನೆ ಬೀಳುತ್ತಿತ್ತು. ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಎತ್ತಿರಲಿಲ್ಲ. ನಾವು ಮಕ್ಕಳು ಅದರ ಸಂದಿಯಿಂದ ಒಳಗೆ ನುಸುಳಿ ಅಡುಗೆಯಾಟ ಆಡುತ್ತಿದ್ದೆವು.

"ಬೇಡ," ಎಂದರು ಅಪ್ಪ.

ಗಾಡಿ ನೋಡಿ ಆಗಲೇ ಊರಿನ ನಾಲ್ಕಾರು ಜನ ಸೇರಿದ್ದರು. ಅವರಲ್ಲೊಬ್ಬರು, "ಬೇಡ ಅನ್ನೋಕೆ ಅದು ನಿಂದೊಬ್ಬಂದಾ? ಊರಿನ ಬೋನು ಅಲ್ವೇನಪ್ಪಾ?" ಎಂದರು. ಇನ್ನೊಬ್ಬರು, "ಅವತ್ತು ನೀನೇ ಮುಂದೆ ನಿಂತು ಹಿಡಿಸ್ದೆ. ಆ ಚರ್ಮ ಸುಲಿದೋನೂ ನೀನೇ. ಇವತ್ತೇನ್ಲಾ ಬಂತು ನಿಂಗೆ?" ಎಂದು ನಕ್ಕರು.

ಅಪ್ಪ ಹೆಚ್ಚು ಮಾತಿನವರಲ್ಲ. ಅವರು ಆ ಬೋಳು ಚರ್ಮವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಅದರ ಹೊಟ್ಟೆಯ ಭಾಗದ ಮೇಲೆ ಕೈ ಇಟ್ಟರು.

"ಅದಕ್ಕೆ ಹಾಲಿತ್ತು," ಎಂದರು. "ಸುಲಿಯೋವಾಗ ನನ್ ಕೈಗೆಲ್ಲ ಹಾಲು ಅಂಟ್ಕೊಳ್ತು. ಯಾರಿಗೂ ಹೇಳ್ಲಿಲ್ಲ. ಆಮೇಲೆ ಬಂಡೆ ಸಂದೀಲಿ ಮರಿಗಳು ಕೂಗ್ತಿದ್ವು, ಬೆಕ್ಕಿನ ಮರಿ ಹಂಗೆ. ಹೋಗಿ ಹುಡುಕ್ದೆ. ಕೂಗು ಕೇಳೋದು, ಮರಿ ಸಿಗ್ತಿರ್ಲಿಲ್ಲ. ಒಂದಿನ ಕೂಗು ನಿಂತೋಯ್ತು."

ಅಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಹಾಗೆಯೇ ನಿಂತಿತು. ಅಮ್ಮನಿಗೂ ಅದು ಗೊತ್ತಿರಲಿಲ್ಲ ಎಂದು ಅವರ ಮುಖ ನೋಡಿ ನನಗೆ ತಿಳಿಯಿತು. ನಾನು ಜಂಬದಿಂದ ಕೀಳುತ್ತಿದ್ದದ್ದು ಒಬ್ಬ ತಾಯಿಯ ಮೈಯಿಂದ. ಕೈಯನ್ನು ಲಂಗಕ್ಕೆ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ.

ಆಮೇಲೆ ಆ ತಾಯಿಯೇ ಮೆಲ್ಲಗೆ ಹೇಳಿದಳು. "ನೀವು ಹೇಳೋದು ಕೇಳಿದ್ರೆ ಹೊಟ್ಟೆ ಉರೀತದೆ ಅಣ್ಣಯ್ಯ. ಆದ್ರೆ ಇವನು ನನ್ ಬಿಡ್ಡ ಅಲ್ವಾ? ಇವನ ಕೂಗೂ ನಿಂತೋದ್ರೆ ನಾನೇನು ಮಾಡ್ಲಿ?"

ಅಪ್ಪ ತಲೆ ತಗ್ಗಿಸಿದರು. ಒಂದು ಕಡೆ ಗುಡ್ಡದ ಮೇಲಿನ ಚಿರತೆ, ಇನ್ನೊಂದು ಕಡೆ ಮಡಿಲಲ್ಲಿನ ಕೂಸು. ಎರಡಕ್ಕೂ ತಾನೇ ತಪ್ಪಿತಸ್ಥ ಎಂಬಂತೆ ಕೂತುಬಿಟ್ಟರು. ಅಪ್ಪ ಸುಮ್ಮನಾದದ್ದನ್ನು ಒಪ್ಪಿಗೆ ಎಂದುಕೊಂಡು ಮೀಸೆ ಮಾವ ಜನರನ್ನು ಕರೆದುಕೊಂಡು ಹುರಿಹಗ್ಗ ತರಲು ಹೊರಟ. ಒಬ್ಬನನ್ನು ಮೇಕೆಮರಿ ತರಲು ಅಟ್ಟಿದ.

ಅಷ್ಟರಲ್ಲಿ ಅಕ್ಕ ನನ್ನ ಮುಂಗೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. "ಬಾಯಿ ಮುಚ್ಕೊಂಡು ಬಾ ಕಣೇ," ಎಂದಳು. ಅವಳ ಇನ್ನೊಂದು ಕೈಯಲ್ಲಿ ಅಮ್ಮನ ಕತ್ತರಿ ಇತ್ತು.

ಹಿತ್ತಿಲಿನ ಬೂದಿಗುಡ್ಡೆಯ ಮೇಲೆ ನಮ್ಮ ಕೆಂಚ ಮಲಗಿದ್ದ. ಕೆಂಚ ನಮ್ಮ ಮನೆಯ ನಾಯಿ. ಮೈಬಣ್ಣ ಹುರಿದ ಕಡಲೆಯದೇ, ಧೈರ್ಯ ಮಾತ್ರ ಕೋಳಿಮರಿಯದು. ಗುಡುಗಿದರೆ ಒಲೆಯ ಹಿಂದೆ ಸೇರುತ್ತಿದ್ದ. ಅಕ್ಕ ಅವನ ಕುತ್ತಿಗೆ ತುರಿಸುತ್ತ ತುರಿಸುತ್ತ ಕಚಕ್ಕೆಂದು ಒಂದು ಹಿಡಿ ಕೂದಲು ಕತ್ತರಿಸಿದಳು. ಕೆಂಚ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ.

"ಕಬ್ಬಿಣ ತಾಕ್ಸಬಾರ್ದು ಕಣಕ್ಕಾ!" ಎಂದೆ ನಾನು.

"ನಾಯಿ ಕೂದ್ಲಿಗೆ ಯಾವ ಶಾಸ್ತ್ರಾನೇ? ಕಿತ್ರೆ ಕಚ್ಚಲ್ವಾ?" ಎಂದು ಅಕ್ಕ ಅದನ್ನು ಅಂಗೈಯಲ್ಲಿ ಹರಡಿ ನೋಡಿದಳು. ಬರೀ ಕಂದು. ಚಿರತೆಯ ಚಿಟಿಕೆಯಲ್ಲಿ ಕಪ್ಪೂ ಇರಬೇಕಲ್ಲ? ಅವಳ ಕಣ್ಣು ನನ್ನ ಜಡೆಯ ಮೇಲೆ ಬಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಜಡೆಯ ತುದಿ ಅವಳ ಕೈಯಲ್ಲಿತ್ತು. ಅದನ್ನು ಸಣ್ಣಗೆ ಕತ್ತರಿಸಿ ಕೆಂಚನ ಕೂದಲಿಗೆ ಬೆರೆಸಿ, ಪೆಟ್ಟಿಗೆಯಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದ ಬೇವು ಹೊಗೆಸೊಪ್ಪಿನ ಪುಡಿಯಲ್ಲಿ ಉಜ್ಜಿ, ನನ್ನ ಮುಷ್ಟಿಯಲ್ಲಿಟ್ಟಳು.

"ಅಕ್ಕಾ, ಕೂಸಿಗೆ ವಾಸಿ ಆಗ್ದಿದ್ರೆ?" ನನಗೆ ಅಳು ಬರುತ್ತಿತ್ತು.

"ಆಗ್ದಿದ್ರೆ ಪಾಪ ನನ್ ತಲೆಗೆ. ಬೋನು ಎತ್ತಿದ್ರೆ ಪಾಪ ಎಲ್ರ ತಲೆಗೂ. ನಡಿ," ಎಂದಳು ಅಕ್ಕ.

ಜಗಲಿಗೆ ಬಂದು, ಪೆಟ್ಟಿಗೆಯ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು ಎಂದು ಅಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. ಆ ತಾಯಿ ನನ್ನ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಕೈ ಜ್ವರ ಬಂದವರ ಕೈಯಂತೆ ಬಿಸಿಯಾಗಿತ್ತು. ಅವಳು ಕೂಸನ್ನೆತ್ತಿಕೊಂಡು ನನ್ನ ಹಿಂದೆಯೇ ಹುಣಸೆಮರದ ಕೆಳಗೆ ಬಂದಳು.

ಕಲಾಯಿ ತಾತ ತಿದಿ ನಿಲ್ಲಿಸಿ ಕೈ ಚಾಚಿದರು. ನಾನು ಮುಷ್ಟಿ ತೆರೆಯಲಿಲ್ಲ. ಅವರೇ ಒಂದೊಂದೇ ಬೆರಳು ಬಿಡಿಸಿ ಕೂದಲನ್ನು ತೆಗೆದುಕೊಂಡರು. ಬೆರಳಲ್ಲಿ ಹೊಸಕಿದರು. ಮೂಗಿನ ಹತ್ತಿರ ಹಿಡಿದರು. ಬುಡವಿಲ್ಲದ, ಸಮನಾಗಿ ಕತ್ತರಿಸಿದ ಕೂದಲು. ಎಷ್ಟು ಕೂಸುಗಳ ತಾಯತ ತುಂಬಿದ್ದರೋ ಆ ಬೆರಳುಗಳು! ಅವರು ನನ್ನ ಮುಖ ನೋಡಿದರು. ಆಮೇಲೆ ಭುಜದ ಮೇಲಿಂದ ಮುಂದೆ ಬಿದ್ದಿದ್ದ ನನ್ನ ಮೊಂಡು ಜಡೆ ನೋಡಿದರು. ಆಮೇಲೆ ಗುಡ್ಡದ ಕಡೆಯಿಂದ ಕೇಳುತ್ತಿದ್ದ ಗಂಡಸರ ಕೂಗಿನ ಕಡೆಗೆ ತಿರುಗಿದರು. ನನ್ನ ಕಣ್ಣಿಂದ ನೀರು ಇಳಿಯಿತು.

"ರೋನಾ ನಕ್ಕೋ ಬೇಟಿ, ಅಳಬೇಡ," ಎಂದು ಮೆಲ್ಲಗೆ ಹೇಳಿ, ಕೂದಲನ್ನು ಬೇಗನೆ ಕೊಳವೆಗೆ ತುರುಕಿ ತವರದ ಹನಿ ಬಿಟ್ಟರು. ಚುಂಯ್ ಎಂದಿತು. ನೀರಿನಲ್ಲಿ ಅದ್ದಿ, ತಮ್ಮ ಅಂಗಿಗೆ ಒರೆಸಿ, ಕೂಸಿನ ಕೊರಳಿಗೆ ತಾವೇ ಕಟ್ಟಿದರು. "ಅಸಲಿ ಮಾಲಮ್ಮ, ಏಕ್‌ದಂ ಅಸಲಿ. ಮಗೂಗೆ ಏನೂ ಆಗಲ್ಲ. ನೀನು ಅಳೋದು ಬಿಡು ಮೊದ್ಲು. ನೀನು ಅತ್ರೆ ಅದೂ ಅಳ್ತದೆ."

ಆ ತಾಯಿ ಕಣ್ಣೊರೆಸಿಕೊಂಡು ಉಸಿರು ಬಿಟ್ಟಳು. ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ ಆ ಉಸಿರನ್ನು. ಅವಳ ಭುಜ ಕೆಳಗಿಳಿಯಿತು. ಕೂಸು ಬಿಕ್ಕುತ್ತಲೇ ಅವಳ ಎದೆಗೆ ಒರಗಿತು.

ಅಷ್ಟರಲ್ಲಿ ಮೀಸೆ ಮಾವ ಹೆಗಲ ಮೇಲೆ ಹಗ್ಗದ ಸಿಂಬೆ ಹೊತ್ತು ಬಂದ. ಹಿಂದೆ ಒಂದು ಕರಿಯ ಮೇಕೆಮರಿ ಮ್ಯಾ ಮ್ಯಾ ಎನ್ನುತ್ತ ಬರುತ್ತಿತ್ತು. "ಸಿಕ್ತಣ್ಣ. ಇನ್ನ್ಯಾಕೆ ಅದೆಲ್ಲ? ಎತ್ತು ಕಟ್ಟು, ಹೋಗಣ," ಎಂದಳು ತಂಗಿ. ಅವನ ಮುಖ ಕಳೆಗುಂದಿತು. ಬೇಟೆಯ ಆಸೆ ಕೂಸಿಗಿಂತ ಅವನಿಗೇ ಹೆಚ್ಚಿತ್ತೆಂದು ಕಾಣುತ್ತದೆ. ಹಗ್ಗವನ್ನು ನೆಲಕ್ಕೆ ಒಗೆದ. ಮೇಕೆಮರಿ ಬಂದ ದಾರಿಯಲ್ಲೇ ಬಾಲ ಎತ್ತಿಕೊಂಡು ಓಡಿತು. ಗಾಡಿ ತಾಯಲೂರಿನ ದಾರಿ ಹಿಡಿಯಿತು.

ಕಲಾಯಿ ತಾತ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಕೆಂಚ ಬಾಲ ಆಡಿಸುತ್ತ ಹೋಗಿ ಕೂತ. ಅವನ ಕುತ್ತಿಗೆಯಲ್ಲಿ ಅಂಗೈಯಗಲ ಜಾಗ ಬೋಳಾಗಿತ್ತು. ತಾತ ಅದನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕು, ಅರ್ಧ ರೊಟ್ಟಿ ಮುರಿದು ಹಾಕಿದರು. "ತಿನ್ನು ಬೇಟಾ. ಇವತ್ತಿಂದ ನೀನೇ ಚೀತಾ," ಎಂದರು.

ಸಂಜೆ ಅಕ್ಕ ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ನನ್ನ ಜಡೆ ಹಿಡಿದು ನೋಡಿದರು, ಕೆಂಚನ ಕುತ್ತಿಗೆ ನೋಡಿದರು, ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಮ್ಮ, "ಅಪ್ಪನಿಗೂ ಮಕ್ಕಳಿಗೂ ಸರಿಯಾಗೈತೆ. ಆ ಕೂಸಿಗೆ ಏನಾದ್ರೂ ಆದ್ರೆ ಆ ತಾಯಿಗೆ ಯಾವ ಮುಖ ತೋರಿಸ್ತೀರಿ?" ಎಂದು ಗದರಿದಾಗ ನಗು ನಿಂತಿತು. ಆಮೇಲೆ ಎಷ್ಟು ದಿನ ನಾವು ಬೀದಿಯಲ್ಲಿ ಗಾಡಿಯ ಸದ್ದಾದರೆ ಬೆಚ್ಚುತ್ತಿದ್ದೆವು! ದಿಗಿಲು ಆ ಕೂಸನ್ನು ಬಿಟ್ಟಿತ್ತೋ ಇಲ್ಲವೋ, ನಮ್ಮ ಮನೆಗಂತೂ ಹೊಕ್ಕಿತ್ತು.

ಯುಗಾದಿ ಕಳೆದ ಮೇಲೆ ಆ ಗಾಡಿ ಬಂತು. ಆ ತಾಯಿ ಒಂದು ಬುಟ್ಟಿ ಒಬ್ಬಟ್ಟು ಹೊತ್ತು ನಗುತ್ತ ಇಳಿದಳು. ಕೂಸು ಕೆನ್ನೆ ತುಂಬಿಕೊಂಡು, ತಾಯತವನ್ನು ಬಾಯಲ್ಲಿಟ್ಟು ಚೀಪುತ್ತಿತ್ತು. ನನ್ನ ಜಡೆಯ ತುದಿ ಆ ಕೊಳವೆಯೊಳಗಿದೆ ಎಂದು ನೆನಪಾಗಿ ನಾನು ಅಕ್ಕನ ಹಿಂದೆ ಅಡಗಿದೆ.

"ಅವತ್ತು ಗಾಡೀಲೇ ನಿದ್ದೆ ಹೋದ ಅಣ್ಣಯ್ಯ! ನಿಮ್ ಮನೆ ಚಿರತೆ ದೊಡ್ಡದು. ನನ್ ಬಿಡ್ಡನ್ನ ಉಳಿಸ್ತು," ಎಂದು ಅವಳು ಅಪ್ಪನ ಕಾಲಿಗೆ ಬೀಳಲು ಹೋದಳು. ಅಪ್ಪ ಕಾಲು ಹಿಂದೆ ಸರಿಸಿಕೊಂಡರು. ಕೂಸು ಕೆಂಚನನ್ನು ಕಂಡು ಕೇಕೆ ಹಾಕಿ ಕೈ ಚಾಚಿತು. ಅಮ್ಮನೂ ಅಕ್ಕನೂ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು. ಅಪ್ಪ ನಗಲಿಲ್ಲ. ಒಬ್ಬಟ್ಟನ್ನೂ ಮುಟ್ಟಲಿಲ್ಲ.

ಗಾಡಿ ಹೋದ ಮೇಲೆ ಅಪ್ಪ ಹೊಲದ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ. ಅಕ್ಕನೂ ನಾನೂ ಹುಡುಕಿಕೊಂಡು ಹೋದರೆ ಬೋನಿನ ಮೇಲೆ ಕೂತಿದ್ದರು. ಕಲ್ಲು ಬಿಸಿಲಿಗೆ ಕಾದು ಸುಡುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ನಾಯಿ ಕೂದ್ಲಿಗೂ ವಾಸಿ ಆಯ್ತಲ್ಲಮ್ಮ," ಎಂದರು ಅಕ್ಕನಿಗೆ.

"ಆಯ್ತಲ್ಲಪ್ಪ, ಒಳ್ಳೇದೇ ಆಯ್ತು," ಎಂದಳು ಅಕ್ಕ.

"ಕೂಸಿಗೆ ಒಳ್ಳೇದಾಯ್ತು." ಅಪ್ಪ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದರು. "ಒಂದೊಂದು ಚಿಟಿಕೆ ಕೊಟ್ಟಾಗ್ಲೂ ನನಗೆ ನಾನೇ ಹೇಳ್ಕೋತಿದ್ದೆ, ಅದು ಸುಮ್ನೆ ಸಾಯ್ಲಿಲ್ಲ, ಅದ್ರಿಂದ ಇಷ್ಟು ಮಕ್ಕಳು ಬದುಕ್ತಾವೆ ಅಂತ. ಅದೊಂದು ಸಮಾಧಾನ ಇತ್ತು. ಈಗ ಅದೂ ಇಲ್ಲ. ಅದು ಸುಮ್ನೇ ಸತ್ತಿದ್ದು."

ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಅವರ ಪಕ್ಕದಲ್ಲಿ ಕೂತಳು. ನಾನು ನನ್ನ ಎರಡು ಬೆರಳುಗಳನ್ನು ನೋಡಿಕೊಂಡೆ. ಚುರುಕ್ಕೆಂದು ಎಳೆದಾಗ ಬರುತ್ತಿದ್ದ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡು ಮಾಡಿದ್ದೂ ತಪ್ಪಾಗಿರಬಹುದು ಎಂದು ನನಗೆ ಆ ದಿನ ತಿಳಿಯಿತು. ಅಷ್ಟು ಚಿಕ್ಕ ವಯಸ್ಸಿಗೆ ಅದು ದೊಡ್ಡ ಮಾತೇ.

ಮಾರನೆಯ ದಿನ ಅಪ್ಪ ಬೋನಿನ ಪಕ್ಕದಲ್ಲಿ ಗುಂಡಿ ತೋಡಿದರು. ಚರ್ಮವನ್ನು ಪಂಚೆಯ ಸಮೇತ ಅದರಲ್ಲಿ ಮಲಗಿಸಿ ಮಣ್ಣು ಮುಚ್ಚಿದರು. ಬೋನಿನ ಬಾಗಿಲ ಚಪ್ಪಡಿಯನ್ನು ಎತ್ತುಗಳಿಂದ ಎಳೆಸಿ ಅದರ ಮೇಲೆ ಹಾಕಿಸಿದರು. ಬಾಗಿಲಿಲ್ಲದ ಬೋನಿಗೆ ಯಾವ ಚಿರತೆ ಹೆದರಬೇಕು? ಊರಿನವರು ಗೊಣಗಿದರು, ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ, ಮನೆಯವರು ಸತ್ತರೆ ಮಾಡುವಂತೆ, ಅಪ್ಪ ಆ ಚಪ್ಪಡಿಯ ಮೇಲೆ ಹಾಲು ತುಪ್ಪ ಬಿಟ್ಟರು. ಬಿಸಿಕಲ್ಲಿನ ಮೇಲೆ ಹಾಲು ಹರಿದು ಅಂಚಿನಿಂದ ತೊಟ್ಟಿಕ್ಕಿ ಮಣ್ಣಿಗೆ ಇಳಿಯಿತು. ಮರಿಗಳಿಗೆ ಸೇರಬೇಕಾಗಿದ್ದ ಹಾಲು ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು.

ಕೂಸುಗಳನ್ನು ಎತ್ತಿಕೊಂಡು ಬರುವವರು ಮಾತ್ರ ನಿಲ್ಲಲಿಲ್ಲ. ಇಲ್ಲ ಎಂದರೆ ಅವರು ಗುಡ್ಡದ ಕಡೆ ನೋಡುತ್ತಿದ್ದರು. ಹಾಗಾಗಿ ಅಕ್ಕ ಕತ್ತರಿ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದಳು. ಕೆಂಚ ಬದುಕಿರುವಷ್ಟು ಕಾಲ ಅವನ ಮೈಮೇಲೆ ಎಲ್ಲಾದರೊಂದು ಕಡೆ ಬೋಳು ಇದ್ದೇ ಇರುತ್ತಿತ್ತು. ಗುಡುಗಿಗೆ ಒಲೆ ಸೇರುವ ನಾಯಿಯ ಕೂದಲು ಕಟ್ಟಿಕೊಂಡು ಎಷ್ಟು ಮಕ್ಕಳು ಧೈರ್ಯವಂತರಾದರೋ! ಸುಳ್ಳು ಹೇಳಿದ ಪಾಪ ನಮ್ಮದು, ಸರಿ. ಆದರೆ ನಾಯಿಯ ಕೂದಲು ಮತ್ತೆ ಬೆಳೆಯುತ್ತದೆ.

ಈಗ 'ಅಜ್ಜಿ, ಇಲ್ಲಿ ನೋಡು' ಎಂದು ನೀವು ನನಗೆ ಮೊಬೈಲ್ ಹಿಡಿದು ತೋರಿಸುತ್ತೀರಿ. ಯಾರದೋ ಮನೆಯ ಗೇಟಿನ ಮುಂದೆ ಚಿರತೆ ನಡೆದುಹೋಗುವುದನ್ನು ಕ್ಯಾಮೆರಾ ಹಿಡಿದಿರುತ್ತದೆ. ಅರಣ್ಯ ಇಲಾಖೆಯವರು ಕಬ್ಬಿಣದ ಬೋನು ತಂದು, ಸಿಕ್ಕಿದ್ದನ್ನು ದೂರದ ಕಾಡಿಗೆ ಬಿಟ್ಟುಬರುತ್ತಾರಂತೆ. ಚರ್ಮ ಮನೆಯಲ್ಲಿಟ್ಟುಕೊಂಡರೆ ಈಗ ಜೈಲು. ನಮ್ಮ ಕಾಲದಲ್ಲಿ ಕೇಳುವವರೇ ಇರಲಿಲ್ಲ. ನಮ್ಮ ಗುಡ್ಡದ ಅರ್ಧ ಬಂಡೆಯನ್ನು ಕಲ್ಲಿನ ಕ್ವಾರಿಯವರು ಒಡೆದು ಸಾಗಿಸಿದ್ದಾರೆ. ಚಿರತೆ ಮನೆಯ ಗೇಟಿಗೆ ಬರದೆ ಇನ್ನೆಲ್ಲಿಗೆ ಹೋದೀತು? ನಿಮಗೆ ಭಯವಾದರೆ ತಾಯತ ಬೇಕಿಲ್ಲ, ಲೈಟಿನ ಸ್ವಿಚ್ ಒತ್ತುತ್ತೀರಿ, ಇಲ್ಲವೇ ನನ್ನ ಹೊದಿಕೆಯೊಳಗೆ ನುಗ್ಗುತ್ತೀರಿ. ಅದೂ ಒಳ್ಳೆಯದೇ.

ಮೊನ್ನೆ ಕೋಲಾರದ ಅಂಗಡಿಯಿಂದ ನನ್ನ ಚಿಕ್ಕ ಮೊಮ್ಮಗಳಿಗೆ ಚಳಿಗೆಂದು ಒಂದು ಕೋಟು ತಂದರು. ಹುರಿದ ಕಡಲೆಯ ಬಣ್ಣ, ಮೇಲೆಲ್ಲ ಐದು ಬೆರಳು ಒತ್ತಿದಂಥ ಕಪ್ಪು ಚುಕ್ಕೆ. ಎಲ್ಲ ಮಿಲ್ಲಿನ ನೂಲು, ಪ್ರಾಣಿಯದಲ್ಲ ಎಂದು ಅವಳ ಅಮ್ಮ ನನಗೆ ನಾಲ್ಕು ಸಲ ಹೇಳಿದಳು. ಕೋಟು ಹಾಕಿಕೊಂಡು ಊರೆಲ್ಲ ಗರ್ಜಿಸಿ ಬಂದು ಮೊಮ್ಮಗಳು ನನ್ನ ಮಡಿಲಲ್ಲಿ ಬಿದ್ದುಕೊಂಡಳು. ಸವರಿದೆ. ಅದೇ ನುಣುಪು. ಹೆಬ್ಬೆರಳು ತೋರುಬೆರಳು ತಾವಾಗಿಯೇ ಒಂದು ಚಿಟಿಕೆ ಹಿಡಿದುಬಿಟ್ಟವು. ಇಷ್ಟು ವರ್ಷವಾದರೂ ಮರೆತಿಲ್ಲ, ಪಾಪಿ ಬೆರಳುಗಳು. ಮೆಲ್ಲಗೆ ಎಳೆದೆ. ಒಂದು ಎಳೆಯೂ ಕೈಗೆ ಬರಲಿಲ್ಲ.

"ಯಾಕಜ್ಜಿ ಎಳೀತೀಯ?" ಎಂದಳು, ಅರೆನಿದ್ದೆಯಲ್ಲಿ.

"ನೋವಾಯ್ತೇನೇ?" ಎಂದು ಕೇಳಿದೆ.

"ಕೋಟಿಗೆ ಯಾಕಜ್ಜಿ ನೋವಾಗತ್ತೆ?" ಎಂದು ನಕ್ಕು ಅವಳು ಮಗ್ಗುಲು ಬದಲಿಸಿದಳು. ನಾನು ಬೆರಳು ಬಿಡಿಸಿಕೊಂಡು ತಲೆಯ ಕಡೆಯಿಂದ ಕೆಳಗೆ, ಕೂದಲು ಮಲಗಿದ ದಿಕ್ಕಿಗೇ, ಅವಳಿಗೆ ನಿದ್ದೆ ಬರುವವರೆಗೂ ಸವರುತ್ತ ಕೂತೆ.